ನಿಂತಿದ್ದ ಕಾರಿನ ಏರ್‌ಬ್ಯಾಗ್ ಬಿಚ್ಚಿದ್ದು ಹೇಗೆ?

ಗಾಡಿ ಸಂಶಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಗುದ್ದಿದ ಕಾರು, ಮುಳುಗಿದ ಕಾರು, ಅವುಗಳ ಜೊತೆ ಬರುವ ಕಥೆಗಳ ಬಗ್ಗೆಯೇ ಇವೆ. ಗುಬ್ಬಿಯ ಓದುಗರ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಅವರು ಗಾಡಿಯನ್ನು ಗಮನವಿಟ್ಟು ನೋಡಿ ಬರೆದಿದ್ದಾರೆ, ಹಾಗಾಗಿ ಉತ್ತರವನ್ನೂ ಬಿಡಿಸಿ ಹೇಳಲು ಸಾಧ್ಯವಾಯಿತು.

ಪ್ರಶ್ನೆ: ತುಮಕೂರು ಬಳಿಯ ಒಂದು ಗ್ಯಾರೇಜಿನಲ್ಲಿ 2019ರ ಸ್ವಿಫ್ಟ್ ಪೆಟ್ರೋಲ್ ಗಾಡಿ ಮಾರಾಟಕ್ಕಿದೆ. ಮುಂಭಾಗ ಬಲಗಡೆ ಪೂರ್ತಿ ಒಳಗೆ ಹೋಗಿದೆ. ಒಂದೂವರೆ ಲಕ್ಷ ಹೇಳುತ್ತಿದ್ದಾರೆ. ರಾತ್ರಿ ಮನೆ ಮುಂದೆ ನಿಲ್ಲಿಸಿದ್ದಾಗ ಲಾರಿಯೊಂದು ರಿವರ್ಸ್ ಬಂದು ಗುದ್ದಿತಂತೆ. ಒಳಗೆ ಯಾರೂ ಇರಲಿಲ್ಲ, ಕೇಸೂ ಇಲ್ಲ ಅನ್ನುತ್ತಾರೆ. ಆದರೆ ಎರಡೂ ಏರ್‌ಬ್ಯಾಗ್ ಬಿಚ್ಚಿವೆ, ಎಡಗಡೆ ಸೀಟಿನ ಬೆಲ್ಟನ್ನು ಯಾರೋ ಕತ್ತರಿಸಿದ್ದಾರೆ. ನನ್ನ ಭಾವಮೈದ ಟಿಂಕರಿಂಗ್ ಕೆಲಸದವನು, ಎರಡು ಲಕ್ಷ ಕೊಟ್ಟರೆ ರೋಡಿಗೆ ಇಳಿಸುತ್ತೇನೆ ಅಂತಾನೆ. ತಗೊಳ್ಳಬಹುದಾ?
(ಗುಬ್ಬಿ)

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಇಗ್ನಿಷನ್ ಆಫ್ ಇರುವ ಕಾರಿನಲ್ಲಿ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್‌ಗೆ ಕರೆಂಟೇ ಇರುವುದಿಲ್ಲ. ಬೀಗ ಹಾಕಿ ನಿಲ್ಲಿಸಿದ ಗಾಡಿಗೆ ಲಾರಿಯಲ್ಲ, ರೈಲೇ ಬಂದು ಗುದ್ದಿದರೂ ಮುಂದಿನ ಏರ್‌ಬ್ಯಾಗ್ ಬಿಚ್ಚುವುದಿಲ್ಲ. ಬಿಚ್ಚಿದೆ ಎಂದರೆ ಆ ಹೊತ್ತಿಗೆ ಕೀಲಿ ಆನ್ ಆಗಿತ್ತು. ಮಾರುವವರ ಕಥೆ ಮೊದಲ ವಾಕ್ಯದಲ್ಲೇ ಬಿದ್ದುಹೋಯಿತು.

ಇನ್ನು ಬೆಲ್ಟು. ಈ ವರ್ಗದ ಕಾರುಗಳಲ್ಲಿ ಎಡಗಡೆ ಸೀಟಿನಲ್ಲಿ ಜನ ಇರಲಿ ಬಿಡಲಿ, ಡಿಕ್ಕಿಯ ರಭಸ ಸಾಕಷ್ಟಿದ್ದರೆ ಏರ್‌ಬ್ಯಾಗ್ ಬಿಚ್ಚಬಹುದು. ಹಾಗಾಗಿ ಬರೀ ಏರ್‌ಬ್ಯಾಗ್ ನೋಡಿ ಪಕ್ಕದಲ್ಲಿ ಒಬ್ಬರಿದ್ದರು ಎನ್ನಲಾಗದು. ಅದನ್ನು ಬೆಲ್ಟು ಹೇಳುತ್ತದೆ. ಡ್ರೈವರ್ ಕಡೆಯ ಬೆಲ್ಟನ್ನು ಪಿಲ್ಲರಿನ ಮೇಲುಗಡೆ ಇರುವ ಪ್ಲಾಸ್ಟಿಕ್ ಬಳೆಯ ಹತ್ತಿರ ಹಿಡಿದು, ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಮೈಮೇಲೆ ಬೆಲ್ಟು ಇದ್ದಾಗ ಜೋರಾದ ಡಿಕ್ಕಿಯಾದರೆ ಅದು ಆ ಬಳೆಯ ಮೇಲೆ ಉಜ್ಜಿ ಕಾಯುತ್ತದೆ. ಬಟ್ಟೆಯ ನೇಯ್ಗೆ ಕರಗಿ ಬೆರಳಗಲದ ಹೊಳಪುಪಟ್ಟಿ ಮೂಡುತ್ತದೆ, ಇಸ್ತ್ರಿ ಪೆಟ್ಟಿಗೆ ಜಾಸ್ತಿ ಕಾದು ಟೆರಿಕಾಟ್ ಪ್ಯಾಂಟು ಮಿರುಗುವಂತೆ. ಉಗುರಿನಲ್ಲಿ ಗೀರಿದರೆ ಗಟ್ಟಿಯಾಗಿ ಸಿಗುತ್ತದೆ. ಖಾಲಿ ಸೀಟಿನ ಬೆಲ್ಟಿನಲ್ಲಿ ಈ ಗುರುತು ಬರುವುದಿಲ್ಲ. ಕತ್ತರಿಸಿದ ಬೆಲ್ಟಿನ ತುಂಡಿನಲ್ಲೂ ಇದನ್ನೇ ಹುಡುಕಿ. ಗ್ಯಾರೇಜಿನವರು ಬೆಲ್ಟು ತೆಗೆಯುವುದಾದರೆ ಕೆಳಗಿನ ಬೋಲ್ಟು ಬಿಚ್ಚುತ್ತಾರೆ. ಮಧ್ಯದಲ್ಲಿ ಕತ್ತರಿಸುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಒಳಗೆ ಸಿಕ್ಕಿಕೊಂಡವರನ್ನು ಹೊರಗೆ ಎಳೆಯಲು.

ವಿಂಡ್‌ಶೀಲ್ಡ್ ಇನ್ನೂ ಇದೆಯೇ? ಇದ್ದರೆ ಬಿರುಕು ಯಾವ ಕಡೆಗೆ ಉಬ್ಬಿದೆ ನೋಡಿ. ಜೇಡರ ಬಲೆಯಂಥ ಬಿರುಕು ಒಳಗಿನಿಂದ ಹೊರಕ್ಕೆ ಉಬ್ಬಿದ್ದರೆ ತಲೆ ಬಡಿದಿದೆ. ಹೊರಗಿನಿಂದ ಒಳಕ್ಕೆ ಕುಸಿದಿದ್ದು, ಬಾನೆಟ್ ಮಧ್ಯದಲ್ಲೂ ತಗ್ಗಿದ್ದರೆ ಯಾರೋ ಕಾರಿನ ಮೇಲೆ ಬಿದ್ದಿದ್ದಾರೆ. ಅದು ಪಾದಚಾರಿಯೋ ಬೈಕ್ ಸವಾರರೋ ಆಗಿರುವ ಸಂಭವ ಹೆಚ್ಚು. ಲಾರಿಯ ಹಿಂಭಾಗ ಗುದ್ದಿದ್ದಾದರೆ ಪೆಟ್ಟು ಎತ್ತರದಲ್ಲಿ ಬೀಳಬೇಕು: ಬಾನೆಟ್ಟಿನ ಮೂತಿ, ಹೆಡ್‌ಲೈಟಿನ ಮೇಲ್ಭಾಗ. ಕೆಳಗಿನ ಬಂಪರ್ ಬೀಮ್ ಅಷ್ಟಾಗಿ ಜಗ್ಗುವುದಿಲ್ಲ. ನೀವು ಬರೆದಂತೆ ಬಲಮೂಲೆ ಬುಡದಿಂದಲೇ ಒಳಗೆ ಹೋಗಿದ್ದರೆ, ಎದುರಿನಿಂದ ಬಂದ ಕಾರಿನಂಥ ತಗ್ಗಿನ ವಾಹನವೋ ಗಟ್ಟಿ ಕಟ್ಟೆಯೋ ಸಿಕ್ಕಿದೆ. ನಮ್ಮಲ್ಲಿ ಮುಖಾಮುಖಿ ಡಿಕ್ಕಿಯಾಗುವಾಗ ಮೊದಲು ಸಿಗುವುದು ಬಲಮೂಲೆಯೇ.

ಮುರಿದ ಹೆಡ್‌ಲೈಟಿನ ಬಲ್ಬನ್ನು ಯಾರೂ ತೆಗೆದು ನೋಡುವುದಿಲ್ಲ. ನೀವು ನೋಡಿ. ಹ್ಯಾಲೊಜನ್ ಬಲ್ಬು ಉರಿಯುತ್ತಿದ್ದಾಗ ಅದರ ತಂತಿ ಮೆತ್ತಗಿರುತ್ತದೆ. ಆಗ ಡಿಕ್ಕಿಯಾದರೆ ಸುರುಳಿ ಎಳೆದ ಸ್ಪ್ರಿಂಗಿನಂತೆ ಜೋಲುತ್ತದೆ. ಗಾಜೂ ಒಡೆದಿದ್ದರೆ ತಂತಿ ಸುಟ್ಟು ಒಳಗೆ ಬಿಳಿ ಪುಡಿ ಕೂತಿರುತ್ತದೆ. ಲೈಟು ಆರಿದ್ದಾಗ ಪೆಟ್ಟು ಬಿದ್ದಿದ್ದರೆ ಸುರುಳಿ ಹಾಗೇ ಇರುತ್ತದೆ, ಇಲ್ಲವೇ ಚೊಕ್ಕವಾಗಿ ತುಂಡಾಗಿರುತ್ತದೆ. ನಿಲ್ಲಿಸಿದ ಕಾರಿನಲ್ಲಿ ಹೆಡ್‌ಲೈಟ್ ಉರಿಯುತ್ತಿತ್ತು ಎಂದಾದರೆ ಅದೂ ಕೇಳಬೇಕಾದ ಪ್ರಶ್ನೆಯೇ.

ಇದೆಲ್ಲ ಕೂಡಿದರೆ ಜನ ಕೂತು ಓಡುತ್ತಿದ್ದ ಗಾಡಿ ಎದುರುಗಡೆಯ ಯಾವುದಕ್ಕೋ ಗುದ್ದಿದೆ ಎಂದಾಗುತ್ತದೆ. ಗಾಯವೋ ಸಾವೋ ಆಗಿದ್ದರೆ ಕೇಸು ಇರಲೇಬೇಕು. ಅಂಥ ಗಾಡಿಯನ್ನು ಪೊಲೀಸರು ಜಪ್ತಿ ಮಾಡುತ್ತಾರೆ, ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸಿ ವರದಿ ಕೊಡುತ್ತಾರೆ. ನ್ಯಾಯಾಲಯದ ಆದೇಶದ ಮೇಲೆ ಬಾಂಡ್ ಬರೆಸಿಕೊಂಡು ಮಾಲೀಕರ ವಶಕ್ಕೆ ಬಿಡುವುದು ಹಿಂದೆ ಸಿಆರ್‌ಪಿಸಿಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 451 ಮತ್ತು 457ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 497 ಮತ್ತು 503 ಅದರ ಜಾಗದಲ್ಲಿವೆ. ಆ ಬಾಂಡಿನಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಕೇಸು ಮುಗಿಯುವವರೆಗೆ ಗಾಡಿ ಮಾರಬಾರದು, ರೂಪ ಬದಲಿಸಬಾರದು, ಕೇಳಿದಾಗ ಹಾಜರುಪಡಿಸಬೇಕು. ಅಂಥ ಗಾಡಿಯನ್ನು ನೀವು ಕೊಂಡು, ನಿಮ್ಮ ಭಾವಮೈದ ಕತ್ತರಿಸಿ ಜೋಡಿಸಿದರೆ, ಸಾಕ್ಷ್ಯವನ್ನೇ ಬದಲಿಸಿದಂತಾಗುತ್ತದೆ. ಪರಿಹಾರದ ಹೊಣೆ ಅಪಘಾತದ ದಿನದ ಮಾಲೀಕರದೂ ವಿಮಾ ಕಂಪನಿಯದೂ ಹೌದು, ಆದರೆ ಗಾಡಿಯ ಹಿಂದೆ ಕೋರ್ಟಿಗೆ ಅಲೆಯುವುದು ನಿಮ್ಮ ಪಾಲಿಗೆ ಬರುತ್ತದೆ.

ಹಾಗಾಗಿ ಮಾರುವವರ ಹತ್ತಿರ ವಾದ ಬೇಡ, ಕಾಗದ ಕೇಳಿ. ಮೊದಲು ಅಪಘಾತದ ದಿನ ಜಾರಿಯಲ್ಲಿದ್ದ ವಿಮಾ ಪಾಲಿಸಿ. ಕ್ಲೇಮ್ ಮಾಡಿದ್ದರೆ ಸರ್ವೇಯರ್ (ವಿಮೆಗಾಗಿ ನಷ್ಟ ಅಂದಾಜು ಮಾಡುವವರು) ವರದಿಯ ಪ್ರತಿ, ಅದರಲ್ಲಿ ಅಪಘಾತ ಹೇಗಾಯಿತು ಎಂದು ಮಾಲೀಕರೇ ಬರೆದುಕೊಟ್ಟಿರುತ್ತಾರೆ. ಅದೂ ನಿಮಗೆ ಹೇಳಿದ ಕಥೆಯೂ ಒಂದೇ ಆಗಿರಬೇಕು. ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಕೇಳುವುದನ್ನು ಮರೆಯಬೇಡಿ. ಮನೆ ಮುಂದೆ ನಿಂತಿತ್ತು ಎನ್ನುವ ರಾತ್ರಿ ಯಾವ ಟೋಲ್ ದಾಟಿತ್ತು ಎಂಬುದು ಗಂಟೆ, ನಿಮಿಷ ಸಮೇತ ಅದರಲ್ಲಿರುತ್ತದೆ. ಎಫ್‌ಐಆರ್ ಇದೆ ಎಂದು ಗೊತ್ತಾದರೆ ಅದರ ನಂಬರ್, ಠಾಣೆ, ವರ್ಷ ಹಾಕಿ ಇ-ಕೋರ್ಟ್ಸ್ ತಾಣದಲ್ಲಿ ಕೇಸಿನ ಸ್ಥಿತಿ ನೋಡಬಹುದು. ಕೇಸೇ ಇಲ್ಲ ಎಂದು ಪಟ್ಟು ಹಿಡಿದರೆ, ಘಟನೆಯ ಜಾಗ ಕೇಳಿಕೊಂಡು ಆ ವ್ಯಾಪ್ತಿಯ ಠಾಣೆಗೆ ಹೋಗಿ ಗಾಡಿ ನಂಬರ್ ಕೊಟ್ಟು ವಿಚಾರಿಸಿ.

ಎರಡು ಲಕ್ಷದ ರಿಪೇರಿ ಬಗ್ಗೆ ಒಂದು ಮಾತು. ನಿಮ್ಮ ಭಾವಮೈದನವರ ಲೆಕ್ಕದಲ್ಲಿ ಏಪ್ರನ್ (ಮುಂದಿನ ಚಕ್ರದ ಒಳಗಡೆಯ ತಗಡು), ಚಾಸಿ ಎಳೆಸುವುದು, ಬಾನೆಟ್, ಫೆಂಡರ್, ರೇಡಿಯೇಟರ್, ಪೇಂಟು ಬಂದಿರಬೇಕು. ಎರಡು ಏರ್‌ಬ್ಯಾಗ್, ಹರಿದ ಡ್ಯಾಶ್‌ಬೋರ್ಡ್, ಕಂಟ್ರೋಲ್ ಯೂನಿಟ್, ಮುಂದಿನ ಡಿಕ್ಕಿ ಸೆನ್ಸರ್, ಎರಡು ಪ್ರಿಟೆನ್ಷನರ್ (ಗುದ್ದಿದಾಗ ತಾನೇ ಬಿಗಿಯುವ) ಬೆಲ್ಟು, ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್ ಇವೆಯೇ ಎಂದು ಕೇಳಿ. ಕಂಪನಿ ಪಾರ್ಟ್ಸ್ ಕೌಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಇಷ್ಟಕ್ಕೇ ರೇಟು ಬರೆಸಿಕೊಂಡರೆ ಲಕ್ಷ ದಾಟುವುದು ಅಪರೂಪವಲ್ಲ. ಅಗ್ಗದ ರಿಪೇರಿಯಲ್ಲಿ ಬಿಟ್ಟುಹೋಗುವುದು ಇವೇ. ಹರಿದ ಮುಚ್ಚಳಕ್ಕೆ ರೆಕ್ಸಿನ್ ಅಂಟಿಸಿ, ಕನೆಕ್ಟರಿಗೆ ರೆಸಿಸ್ಟರ್ ಸಿಕ್ಕಿಸಿ ವಾರ್ನಿಂಗ್ ಲೈಟು ಆರಿಸಿಬಿಡುತ್ತಾರೆ. ನಮ್ಮನ್ನು ಕೇಳಿದರೆ ಈ ಗಾಡಿ ಬೇಡ.

ಪ್ರಶ್ನೆ: ‘ಟೋಟಲ್ ಲಾಸ್’ ಆದ ಗಾಡಿ ಎಂದರೆ ಏನು? ಇನ್ಶೂರೆನ್ಸ್‌ನವರು ಒಂದು ಪೈಸೆ ಕೊಡಲಿಲ್ಲ, ನಷ್ಟಕ್ಕೆ ಮಾರುತ್ತಿದ್ದೇನೆ ಎನ್ನುತ್ತಾರೆ ಒಬ್ಬರು. ನಂಬಬಹುದೇ?
(ದಾವಣಗೆರೆ)

ಉತ್ತರ: ಪಾಲಿಸಿಯಲ್ಲಿ ಐಡಿವಿ ಎಂದು ಒಂದು ಮೊತ್ತ ಇರುತ್ತದೆ, ಅಂದರೆ ವಿಮೆಗೆ ಒಪ್ಪಿಕೊಂಡ ಗಾಡಿಯ ಬೆಲೆ. ಎತ್ತಿ ತರುವ ಖರ್ಚು ಮತ್ತು ರಿಪೇರಿ ಖರ್ಚು ಸೇರಿ ಐಡಿವಿಯ ಶೇ. 75 ದಾಟಿದರೆ ಗಾಡಿಯನ್ನು ಪೂರ್ಣ ನಷ್ಟ ಎಂದು ಪರಿಗಣಿಸುತ್ತಾರೆ. ಐಡಿವಿ 5 ಲಕ್ಷ ಇದ್ದರೆ ಗೆರೆ 3.75 ಲಕ್ಷಕ್ಕೆ. ಅಂದಾಜು 4.2 ಲಕ್ಷ ಬಂತು ಎನ್ನಿ. ಆಗ ಸರ್ವೇಯರ್ ಗಾಡಿಯ ಉಳಿಕೆಗೆ ಹರಾಜಿನಲ್ಲಿ ಬೆಲೆ ಕರೆಸುತ್ತಾರೆ, 1.4 ಲಕ್ಷಕ್ಕೆ ಬಿಡ್ ಬಂತು ಅಂದುಕೊಳ್ಳಿ. ಉಳಿಕೆಯನ್ನು ಮಾಲೀಕರೇ ಇಟ್ಟುಕೊಂಡರೆ ಐಡಿವಿಯಲ್ಲಿ ಅಷ್ಟು ಕಳೆದು ಕಂಪನಿ 3.6 ಲಕ್ಷ ಕೊಡುತ್ತದೆ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1000 ರೂಪಾಯಿ, ಅದನ್ನು ಮುರಿದುಕೊಳ್ಳುತ್ತಾರೆ. ಆಮೇಲೆ ಮಾಲೀಕರು ಆ ಉಳಿಕೆಯನ್ನು ಬಿಡ್ ಕೂಗಿದವರಿಗೆ ಕೊಟ್ಟು 1.4 ಲಕ್ಷ ಪಡೆಯುತ್ತಾರೆ. ‘ನಷ್ಟಕ್ಕೆ ಮಾರುತ್ತಿದ್ದೇನೆ’ ಎನ್ನುವವರು ಹೀಗೆ ಪೂರ್ತಿ ದುಡ್ಡು ಎಣಿಸಿಕೊಂಡಿರಲೂಬಹುದು.

ನಿಜಕ್ಕೂ ಒಂದು ಪೈಸೆ ಕೊಟ್ಟಿಲ್ಲ ಎಂದಾದರೆ ಅದಕ್ಕೂ ಕಾರಣ ಇರುತ್ತದೆ: ಪಾಲಿಸಿ ಮುಗಿದಿತ್ತು, ಬರೀ ಥರ್ಡ್ ಪಾರ್ಟಿ ಇತ್ತು, ಓಡಿಸಿದವರಿಗೆ ಲೈಸೆನ್ಸ್ ಇರಲಿಲ್ಲ, ಕುಡಿದಿದ್ದರು, ಇಲ್ಲವೇ ಸ್ವಂತ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದರು. ಕ್ಲೇಮ್ ನಿರಾಕರಿಸಿದ ಪತ್ರದಲ್ಲಿ ಕಾರಣ ಬರೆದಿರುತ್ತದೆ. ಆ ಪತ್ರ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ನೀವೂ ಹಿಂದೆ ಸರಿಯಿರಿ.

ಗಾಡಿ ಇನ್ನು ಬಳಕೆಗೆ ಬಾರದಷ್ಟು ಹಾಳಾಗಿದ್ದರೆ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ ಮಾಲೀಕರು 14 ದಿನದೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಎಷ್ಟೋ ಗಾಡಿಗಳ ವಿಷಯದಲ್ಲಿ ಇದು ಆಗುವುದೇ ಇಲ್ಲ. ಗಾಡಿ ಗುಜರಿಗೆ ಹೋದರೂ ಆರ್‌ಸಿ ಜೀವಂತ ಉಳಿಯುತ್ತದೆ. ಮುಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಪ್ರಶ್ನೆ: ಸುಟ್ಟು ಕರಕಲಾದ ಕಾರಿಗೆ ಬ್ರೋಕರ್ ಒಬ್ಬರು ಲಕ್ಷಕ್ಕೂ ಮೇಲೆ ಕೊಟ್ಟು ಕೊಂಡರು. ಸುಟ್ಟ ತಗಡಿಗೆ ಅಷ್ಟೊಂದು ಬೆಲೆಯೇ? ಆರೇ ತಿಂಗಳಲ್ಲಿ ಅದೇ ನಂಬರಿನ ಗಾಡಿ ಹೊಸದರಂತೆ ಓಡಾಡುತ್ತಿದೆ.
(ಕಲಬುರಗಿ)

ಉತ್ತರ: ತೂಕ ಹಾಕಿ ನೋಡೋಣ. ಚಿಕ್ಕ ಹ್ಯಾಚ್‌ಬ್ಯಾಕ್ ಸುಮಾರು 900 ಕೆ.ಜಿ. ತೂಗುತ್ತದೆ. ಅಷ್ಟೂ ಕಬ್ಬಿಣವೆಂದೇ ಹಿಡಿದು ಕೆ.ಜಿ.ಗೆ 30 ರೂಪಾಯಿ ಹಾಕಿದರೂ 27,000 ರೂಪಾಯಿ. ಗುದ್ದಿದ ಗಾಡಿಯಲ್ಲಾದರೆ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಬಾಗಿಲು, ಡಿಕ್ಕಿ, ಸೀಟು ಎಲ್ಲ ಬಿಡಿಬಿಡಿಯಾಗಿ ಮಾರಾಟವಾಗುತ್ತವೆ. ಸುಟ್ಟ ಗಾಡಿಯಲ್ಲಿ ಏನಿದೆ? ಅದಕ್ಕೆ ಲಕ್ಷ ಕೊಟ್ಟವರು ಕೊಂಡಿದ್ದು ತಗಡನ್ನಲ್ಲ, ಆರ್‌ಸಿಯನ್ನೂ ಚಾಸಿ ನಂಬರನ್ನೂ ಎಂದು ಅನುಮಾನಿಸುವುದು ತಪ್ಪಲ್ಲ. ಅದೇ ಮಾಡೆಲ್, ಅದೇ ಬಣ್ಣದ ಕಾರೊಂದನ್ನು ಎಲ್ಲೋ ಕದ್ದು, ಅದರ ಮೇಲೆ ಈ ನಂಬರ್ ಕೂರಿಸುವುದು ಹಳೆಯ ದಂಧೆ. ಕದ್ದ ಗಾಡಿಗಳನ್ನು ಬಿಚ್ಚಿ ಮಾರುವುದಕ್ಕೆ ಹೆಸರಾಗಿದ್ದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯನ್ನು ಉತ್ತರ ಪ್ರದೇಶ ಪೊಲೀಸರು 2021ರ ಡಿಸೆಂಬರ್‌ನಲ್ಲಿ ಮುಚ್ಚಿಸಿದ್ದು ಸುದ್ದಿಯಾಗಿತ್ತು.

ನೀವು ಹೇಳುವ ಗಾಡಿ ಹಾಗೆಯೇ ಆಗಿದೆ ಎಂದು ಇಲ್ಲಿಂದ ಹೇಳಲಾಗದು. ಪರೀಕ್ಷಿಸುವ ಕ್ರಮ ಹೇಳುತ್ತೇವೆ. ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿಗಳಿರುತ್ತವೆ. ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಮಾರುತಿ ಗಾಡಿಯದು ಎಂಎ3 ಅಥವಾ ಎಂಬಿಎಚ್ ಎಂದೂ, ಹ್ಯುಂಡೈಯದು ಎಂಎಎಲ್ ಎಂದೂ, ಟಾಟಾದ್ದು ಎಂಎಟಿ ಎಂದೂ ಶುರುವಾಗುತ್ತದೆ. ಕಂಪನಿ ಪ್ರಕಾರ ಎಂಜಿನ್ ಹಿಂದಿನ ಫೈರ್‌ವಾಲ್ ಮೇಲೋ ಮುಂದಿನ ಸೀಟಿನ ಕೆಳಗೋ ಒತ್ತಿರುತ್ತಾರೆ. ಅಲ್ಲಿ ನಂಬರನ್ನು ಓದುವುದಕ್ಕಿಂತ ಅದರ ಸುತ್ತಲಿನ ತಗಡನ್ನು ಓದಬೇಕು. ಗ್ರೈಂಡರ್ ಗೀರು, ಸುತ್ತಮುತ್ತಲಿಗಿಂತ ದಪ್ಪ ಪೇಂಟು, ಪುಟ್ಟಿ (ತಗ್ಗು ತುಂಬುವ ಲೇಪ) ಹಚ್ಚಿದ ನುಣುಪು, ಆಯತಾಕಾರದಲ್ಲಿ ಓಡುವ ವೆಲ್ಡಿಂಗ್ ಗೆರೆ ಕಂಡರೆ ಬೇರೆ ಗಾಡಿಯ ತುಂಡನ್ನು ಕತ್ತರಿಸಿ ಕೂರಿಸಿದ್ದಾರೆ. ಆರ್‌ಟಿಓ ಕೆಲಸಕ್ಕೆ ತೆಗೆಯುವ ಹಾಗೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಅಕ್ಷರಗಳ ಎತ್ತರ, ಆಳ, ನಡುವಣ ಅಂತರ ಒಂದೇ ಸಮ ಇರಬೇಕು. ಸುತ್ತಿಗೆಯಿಂದ ಒಂದೊಂದಾಗಿ ಬಡಿದ ಅಂಕಿ ಕುಣಿಯುತ್ತದೆ. ಕಣ್ಣಿಗೆ ಕಾಣದ್ದು ಕಾಗದದ ಮೇಲೆ ಕಾಣುತ್ತದೆ.

ಆಮೇಲೆ ಸ್ಕ್ಯಾನರ್ ಹಾಕಿಸಿ ಎಂಜಿನ್ ಕಂಪ್ಯೂಟರಿನಲ್ಲಿ ದಾಖಲಾದ ಚಾಸಿ ನಂಬರ್ ಓದಿಸಿ. ತಗಡು ಬದಲಿಸಿದವರೂ ಇದನ್ನು ಬದಲಿಸಲು ಮರೆಯುವುದುಂಟು. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟಿನ ಎಡಗಡೆ ಕೆಳಗಿರುವ ಲೇಸರ್ ಸಂಖ್ಯೆಯನ್ನೂ ತಾಳೆ ನೋಡಿ. ಇ-ಚಲನ್ ತಾರೀಖುಗಳು ಇನ್ನೂ ಮಜವಾದವು. ಗಾಡಿ ಸುಟ್ಟು ಬಿದ್ದಿದ್ದ ತಿಂಗಳಲ್ಲಿ ಅದೇ ನಂಬರಿಗೆ ಬೇರೆ ಊರಿನಲ್ಲಿ ಸಿಗ್ನಲ್ ಜಂಪ್ ಕೇಸು ಬಿದ್ದಿದ್ದರೆ ಅದಕ್ಕಿಂತ ಇನ್ನೇನು ಬೇಕು? ಅನುಮಾನ ಗಟ್ಟಿಯಾದರೆ ಪೊಲೀಸರಿಗೆ ತಿಳಿಸಿ. ಕದ್ದ ಮಾಲು ಎಂದು ಗೊತ್ತಿದ್ದೂ ಇಟ್ಟುಕೊಳ್ಳುವುದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 317ನೇ ಕಲಮಿನ ಅಪರಾಧ. ಗೊತ್ತಿಲ್ಲದೆ ಕೊಂಡವರಿಗೂ ಗಾಡಿ ಕೈಯಲ್ಲಿ ಉಳಿಯುವುದಿಲ್ಲ.

ಪ್ರಶ್ನೆ: ಬೆಂಗಳೂರಿನ 2020ರ ಸೆಡಾನ್, 38,000 ಕಿ.ಮೀ. ಓಡಿದೆ. ಬಾಡಿ ಮೇಲೆ ಒಂದು ಗೀರಿಲ್ಲ. ಒಳಗೆ ಹೊಸ ಕಾರ್ಪೆಟ್, ಹೊಸ ಸೀಟ್ ಕವರ್. ಎಂಜಿನ್ ‘ಒಂದು ಸಲ ಬಿಚ್ಚಿದೆ ಅಷ್ಟೇ’ ಅನ್ನುತ್ತಾರೆ. ಬೆಲೆ ಮಾರ್ಕೆಟ್ಟಿಗಿಂತ ಒಂದೂಕಾಲು ಲಕ್ಷ ಕಡಿಮೆ.
(ಶಿವಮೊಗ್ಗ)

ಉತ್ತರ: 38,000 ಕಿ.ಮೀ.ಗೆ ಎಂಜಿನ್ ಯಾಕೆ ಬಿಚ್ಚಬೇಕಾಯಿತು? 2022ರ ಸೆಪ್ಟೆಂಬರ್ ಮೊದಲ ವಾರ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಯಮಲೂರು ಕಡೆ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದು ನಿಮಗೂ ನೆನಪಿರಬೇಕು. ಇಂಥ ಗಾಡಿ ಹೊರಗಿನಿಂದ ಮದುವಣಗಿತ್ತಿಯಂತೆ ಇರುತ್ತದೆ, ಹಾಳಾಗಿರುವುದೆಲ್ಲ ಒಳಗೆ.

ನೀರು ಗಾಳಿ ಸೇದುವ ಪೈಪಿನಿಂದ ಸಿಲಿಂಡರಿಗೆ ಹೋದ ಮೇಲೆ ಯಾರೋ ಸ್ಟಾರ್ಟ್ ಮಾಡಿದರು ಎನ್ನಿ. ಗಾಳಿಯಂತೆ ನೀರು ಅಡಕವಾಗುವುದಿಲ್ಲ, ಹಾಗಾಗಿ ಪಿಸ್ಟನ್ ಮೇಲೆ ಬರಲಾಗದೆ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಂದೆರಡು ಮಿ.ಮೀ. ಬಾಗಿದ ರಾಡಿನಲ್ಲೂ ಎಂಜಿನ್ ಓಡುತ್ತದೆ, ತಿಂಗಳುಗಟ್ಟಲೆ ಓಡಿ ಒಂದು ದಿನ ಬ್ಲಾಕನ್ನೇ ತೂತು ಮಾಡುತ್ತದೆ. ಪ್ಲಗ್‌ಗಳನ್ನು ತೆಗೆಸಿ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಬಾಗಿದ ರಾಡಿನ ಪಿಸ್ಟನ್ ಪೂರ್ತಿ ಮೇಲಕ್ಕೆ ಬಾರದ ಕಾರಣ ಆ ಸಿಲಿಂಡರಿನ ಒತ್ತಡದ ರೀಡಿಂಗ್ ಉಳಿದವುಗಳಿಗಿಂತ ಕಡಿಮೆ ಬರುತ್ತದೆ. ಸಿಲಿಂಡರ್‌ಗಳ ನಡುವೆ ಶೇ. 10-15ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಮುಂದುವರಿಯಬೇಡಿ. ಸಾಮಾನ್ಯ ವಿಮೆಯಲ್ಲಿ ನೆರೆಹಾನಿಗೆ ದುಡ್ಡು ಬಂದರೂ, ನೀರಿನಲ್ಲಿ ಸ್ಟಾರ್ಟ್ ಮಾಡಿ ಕೆಡಿಸಿಕೊಂಡ ಎಂಜಿನ್ನಿಗೆ ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಬೇಕಾಗುತ್ತದೆ. ಅದಿಲ್ಲದವರು ಹೊರಗೆ ಅಗ್ಗಕ್ಕೆ ಬಿಚ್ಚಿಸಿ ಮಾರಲು ನೋಡುತ್ತಾರೆ.

ಒಳಗೆ ನೋಡುವಾಗ ಕಾರ್ಪೆಟ್ ಮೇಲೆ ಕಣ್ಣಿಡಬೇಡಿ, ಅದು ಹೊಸದು. ಸೀಟ್ ಬೆಲ್ಟನ್ನು ಪೂರ್ತಿ, ಕೊನೆಯ ಗೇಣಿನವರೆಗೂ ಎಳೆಯಿರಿ. ದಿನನಿತ್ಯ ಹೊರಗೆ ಬಾರದ ಆ ಕೊನೆಯ ಭಾಗದಲ್ಲಿ ಕೆಸರುಬಣ್ಣದ ಅಡ್ಡಗೆರೆ ಉಳಿದಿರುತ್ತದೆ, ಮೂಗಿಗೆ ಹಿಡಿದರೆ ಕೆರೆಯ ವಾಸನೆ. ಬೆಲ್ಟಿನ ಬುಡದ ಲೇಬಲ್ಲಿನಲ್ಲಿ ತಯಾರಿಸಿದ ತಾರೀಖು ಇರುತ್ತದೆ. 2020ರ ಗಾಡಿಯಲ್ಲಿ 2022ರ ಕೊನೆಯ ಬೆಲ್ಟುಗಳಿದ್ದರೆ ಯಾಕೆ ಎಂದು ಕೇಳಿ. ಮುಂದಿನ ಸೀಟಿನ ಕೆಳಗೆ ಹಳದಿ ಕನೆಕ್ಟರ್ ಇರುತ್ತದೆ, ಏರ್‌ಬ್ಯಾಗ್ ವೈರಿಂಗಿನ ಬಣ್ಣ ಅದು. ಬ್ಯಾಟರಿ ಕಳಚಿ, ಒಂದೈದು ನಿಮಿಷ ಬಿಟ್ಟು, ತಿಳಿದವರಿಂದಲೇ ಅದನ್ನು ಬಿಚ್ಚಿಸಿ. ಪಿನ್ನುಗಳ ಮೇಲೆ ಹಸಿರು ಅಥವಾ ಬಿಳಿ ಬೂಷ್ಟಿನಂಥದು ಕೂತಿದ್ದರೆ ನೀರು ಸೀಟಿನವರೆಗೆ ಬಂದಿತ್ತು. ಸ್ಟೆಪ್ನಿ ಎತ್ತಿ ಅದರ ಗುಂಡಿಯ ಅಂಚಿನಲ್ಲಿ, ಹಿಂದಿನ ಲೈಟಿನ ಒಳಮೂಲೆಯಲ್ಲಿ ನೋಡಿ. ಗಾಡಿ ತೊಳೆಯುವವರ ಕೈ ಅಲ್ಲಿಗೆ ಹೋಗುವುದಿಲ್ಲ. ಆಟೋಮ್ಯಾಟಿಕ್ ಗಾಡಿಯಾದರೆ ಗೇರ್‌ಬಾಕ್ಸ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದೆಯೇ ಎಂದು ತೆಗೆಸಿ ನೋಡಿ.

ಒಂದೂಕಾಲು ಲಕ್ಷ ಉಳಿತಾಯವೆಂದು ಕಾಣುವುದು ವೈರಿಂಗ್ ಮತ್ತು ಕಂಪ್ಯೂಟರ್ ಯೂನಿಟ್‌ಗಳು ಒಂದೊಂದಾಗಿ ಕೈಕೊಡಲು ಶುರುವಾಗುವವರೆಗೆ ಮಾತ್ರ.

ಪ್ರಶ್ನೆ: ಪೇಂಟ್ ದಪ್ಪ ಅಳೆಯುವ ಮೀಟರ್ ಕೊಂಡಿದ್ದೇನೆ. ನೋಡಿದ ಕಾರಿನಲ್ಲಿ ರೂಫ್ 105, ನಾಲ್ಕೂ ಬಾಗಿಲು 110ರಿಂದ 130, ಎಡಗಡೆ ಹಿಂದಿನ ಕ್ವಾರ್ಟರ್ (ಹಿಂದಿನ ಚಕ್ರದ ಮೇಲಿನ ತಗಡು) 400ರಿಂದ 900 ಮೈಕ್ರಾನ್. ಬಂಪರಿನಲ್ಲಿ ಏನೂ ತೋರಿಸುವುದಿಲ್ಲ. ‘ಸಣ್ಣ ಗೀರು, ಟಚಪ್’ ಎನ್ನುತ್ತಾರೆ.
(ಉಡುಪಿ)

ಉತ್ತರ: ಬಂಪರ್ ಪ್ಲಾಸ್ಟಿಕ್, ಮೀಟರಿನದು ತಪ್ಪಿಲ್ಲ. ಫ್ಯಾಕ್ಟರಿ ಪೇಂಟು ಸಾಮಾನ್ಯವಾಗಿ 80ರಿಂದ 150ರೊಳಗೆ. ಒಂದು ಸಲ ಮತ್ತೆ ಪೇಂಟು ಹೊಡೆದರೆ 200-300. 900 ಎಂದರೆ ಅದರ ಕೆಳಗೆ ಪುಟ್ಟಿ ಇದೆ, ಗೀರಿಗೆ ಯಾರೂ ಪುಟ್ಟಿ ತುಂಬುವುದಿಲ್ಲ. ಫೆಂಡರ್, ಬಾಗಿಲು ಬೋಲ್ಟಿನಲ್ಲಿ ಕೂತ ಭಾಗಗಳು, ಬದಲಿಸಿದರೂ ಚಿಂತೆಯಿಲ್ಲ. ಹಿಂದಿನ ಕ್ವಾರ್ಟರ್ ಬಾಡಿಗೆ ವೆಲ್ಡ್ ಆದದ್ದು. ಡಿಕ್ಕಿಯ ರಬ್ಬರ್ ಬೀಡಿಂಗ್ ಕಿತ್ತು ಅದರ ಕೆಳಗಿನ ಅಂಚು ನೋಡಿ. ಕಂಪನಿಯ ಸ್ಪಾಟ್ ವೆಲ್ಡುಗಳು ಸಣ್ಣ ಗುಂಡುಕುಳಿಗಳಂತೆ ಒಂದೇ ಅಂತರದಲ್ಲಿ ಸಾಲಾಗಿರುತ್ತವೆ. ಎಡಗಡೆ ಆ ಸಾಲು ಮಾಯವಾಗಿ, ಬ್ರಷ್ಷಿನಲ್ಲಿ ಹಚ್ಚಿದ ಸೀಲಂಟ್ ಕಂಡರೆ ಕತ್ತರಿಸಿ ಜೋಡಿಸಿದ್ದಾರೆ. ಆಮೇಲೆ ಟೇಪು ಹಿಡಿದು ಎರಡೂ ಬದಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ, ಸ್ಟೀರಿಂಗ್ ನೇರವಾಗಿರಲಿ. ಐದಾರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲೈನ್‌ಮೆಂಟ್ ಅಂಗಡಿಯಲ್ಲಿ ನಾಲ್ಕೂ ಚಕ್ರದ ರಿಪೋರ್ಟ್ ತೆಗೆಸದೆ ಮಾತಾಡಬೇಡಿ.

ಪ್ರಶ್ನೆ: ಒಂದೂ ಕ್ಲೇಮ್ ಆಗಿಲ್ಲ ಎನ್ನುವುದನ್ನು ನಾವೇ ಪರೀಕ್ಷಿಸುವುದು ಹೇಗೆ?
(ಹುಬ್ಬಳ್ಳಿ)

ಉತ್ತರ: ಪಾಲಿಸಿಯಲ್ಲಿ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ) ಎಂಬ ಸಾಲು ನೋಡಿ. ಕ್ಲೇಮ್ ಇಲ್ಲದೆ ಪ್ರತಿ ವರ್ಷ ಕಳೆದಂತೆ ಅದು ಶೇ. 20, 25, 35, 45, 50 ಎಂದು ಏರುತ್ತದೆ. ಒಬ್ಬರೇ ಮಾಲೀಕರ ಐದು ವರ್ಷದ ಗಾಡಿಯಲ್ಲಿ ಶೂನ್ಯ ಅಥವಾ 20 ಇದ್ದರೆ ನಡುವೆ ಏನೋ ಆಗಿದೆ. ಎನ್‌ಸಿಬಿ ಉಳಿಸುವ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಮಾತ್ರ ಕ್ಲೇಮ್ ಆದರೂ ಅಂಕಿ ಇಳಿಯದಿರಬಹುದು. ಇನ್ನೊಂದು ಸುಳಿವು ಗಾಜಿನ ಮೇಲೆಯೇ ಇರುತ್ತದೆ. 2019ರ ಏಪ್ರಿಲ್ ನಂತರದ ಗಾಡಿಗಳಿಗೆ ವಿಂಡ್‌ಶೀಲ್ಡ್ ಒಳಗೆ ಅಂಟಿಸುವ ನೋಂದಣಿ ಸ್ಟಿಕ್ಕರ್ ಬರುತ್ತದೆ. ಅದು ಇಲ್ಲದಿದ್ದರೆ ಗಾಜು ಬದಲಾಗಿರಬಹುದು, ಮೂಲೆಯಲ್ಲಿರುವ ಕೋಡನ್ನು ಪಕ್ಕದ ಗಾಜುಗಳ ಕೋಡಿನ ಜೊತೆ ಹೋಲಿಸಿ.

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿ ಓದುತ್ತಿದ್ದೇನೆ. ‘ರೀಬಿಲ್ಟ್ ಟೈಟಲ್’ ಕಾರು ಅರ್ಧ ಬೆಲೆಗೆ ಸಿಗುತ್ತಿದೆ. ‘ಬರೀ ಬಂಪರ್ ಹೋಗಿತ್ತು’ ಎನ್ನುತ್ತಾರೆ.
(ಮೈಸೂರಿನ ವಿದ್ಯಾರ್ಥಿ)

ಉತ್ತರ: ಬರೀ ಬಂಪರ್ ಹೋದ ಹೊಸ ಕಾರನ್ನು ವಿಮಾ ಕಂಪನಿ ಕೈಬಿಡುವುದು ಅಪರೂಪ. ಅಲ್ಲಿ ಕಾರಿನ ಮಾಲೀಕತ್ವದ ಪತ್ರದ ಮೇಲೆಯೇ ‘ಸಾಲ್ವೇಜ್’ (ಪೂರ್ಣ ನಷ್ಟದ ಉಳಿಕೆ), ‘ಫ್ಲಡ್’ (ನೆರೆಯಲ್ಲಿ ಮುಳುಗಿದ್ದು) ಎಂಬ ಮುದ್ರೆ ಬೀಳುತ್ತದೆ. ಸಾಲ್ವೇಜ್ ಗಾಡಿಯನ್ನು ರಿಪೇರಿ ಮಾಡಿ ಮತ್ತೆ ರಸ್ತೆಗಿಳಿಸಿದರೆ ಅದು ‘ರೀಬಿಲ್ಟ್’. ಆ ಅನುಕೂಲ ನಮ್ಮಲ್ಲಿಲ್ಲ, ನೀವು ಬಳಸಿಕೊಳ್ಳಿ. ಅಲ್ಲಿನ ವಿಮಾ ಕಂಪನಿಗಳ ವಂಚನೆ ತಡೆ ಸಂಸ್ಥೆ ಎನ್‌ಐಸಿಬಿಯ ವಿನ್‌ಚೆಕ್‌ನಲ್ಲಿ ಉಚಿತವಾಗಿಯೂ, ಎನ್‌ಎಂವಿಟಿಐಎಸ್ ಎಂಬ ಸರ್ಕಾರಿ ಮಾಲೀಕತ್ವ ದಾಖಲೆಯಲ್ಲಿ ಅಲ್ಪ ಶುಲ್ಕಕ್ಕೂ ಚಾಸಿ ನಂಬರ್ ಹಾಕಿ ನೋಡಬಹುದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ನೋಂದಣಿ ದಾಟಿಸಿ ಮುದ್ರೆ ಅಳಿಸುವ ಚಾಳಿಯಿದೆ, ಹಾಗಾಗಿ ಈಗಿನ ಪತ್ರ ಒಂದನ್ನೇ ನಂಬಬೇಡಿ. ಹರಾಜಿನಲ್ಲಿ ಮಾರಾಟವಾದ ಗಾಡಿಗಳ ರಿಪೇರಿಗೆ ಮುಂಚಿನ ಫೋಟೊ ಚಾಸಿ ನಂಬರಿನಿಂದ ಅಂತರ್ಜಾಲದಲ್ಲಿ ಸಿಗುವುದೂ ಉಂಟು. ಬಂಪರ್ ಎಷ್ಟು ಹೋಗಿತ್ತು ಎಂದು ಅದರಲ್ಲೇ ಕಾಣುತ್ತದೆ. ಕೊಳ್ಳುವ ಮೊದಲು ವಿಮಾ ಕಂಪನಿಗೆ ಫೋನ್ ಮಾಡಿ ಕೇಳಿ, ಅಂಥ ಕಾರಿಗೆ ಪೂರ್ಣ ವಿಮೆ ಕೊಡದವರು ಇದ್ದಾರೆ.

ಪ್ರಶ್ನೆ: ಗುದ್ದಿದ ಗಾಡಿಗೆ 20,000 ಟೋಕನ್ ಕೊಟ್ಟಿದ್ದೇನೆ. ಆರ್‌ಸಿಯಲ್ಲಿ ಹೆಸರು ಬೇರೆಯವರದು, ಮಾರುವವರು ‘ಫಾರ್ಮ್ 29, 30ಕ್ಕೆ (ಮಾಲೀಕತ್ವ ವರ್ಗಾವಣೆಯ ಅರ್ಜಿಗಳು) ಸಹಿ ತಗೊಂಡಿದ್ದೇನೆ, ಸಾಕು’ ಎನ್ನುತ್ತಾರೆ.
(ಚಿಕ್ಕಮಗಳೂರು)

ಉತ್ತರ: ಸಾಲದು. ಬಾಕಿ ದುಡ್ಡು ಕೊಡುವ ಮುಂಚೆ ಆರ್‌ಸಿ ಮಾಲೀಕರನ್ನೇ ಭೇಟಿಯಾಗಿ. ಅಪಘಾತ ಎಲ್ಲಿ, ಯಾವತ್ತು ಆಯಿತು ಎಂದು ಅವರನ್ನೂ ಕೇಳಿ, ಮಾರುವವರು ಪಕ್ಕದಲ್ಲಿ ಇಲ್ಲದಾಗ. ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ಸಾಲ, ಬ್ಲಾಕ್‌ಲಿಸ್ಟ್, ವಿಮೆಯ ಕೊನೆಯ ದಿನ ನೋಡಿ. ಸಾಲ ಇದ್ದರೆ ಫಾರ್ಮ್ 35 (ಸಾಲ ತೀರಿದೆ ಎಂಬ ಅರ್ಜಿ) ಮತ್ತು ಬ್ಯಾಂಕಿನ ಪತ್ರ ಬೇಕು. ಮಾರುವವರು ವ್ಯಾಪಾರಿಯಾಗಿದ್ದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಆರ್‌ಟಿಓ ಕೊಟ್ಟ ಫಾರ್ಮ್ 29ಬಿ ಅನುಮತಿ ಪತ್ರ ಅವರ ಬಳಿ ಇರಬೇಕು, ತೋರಿಸಲು ಹೇಳಿ. ಟೋಕನ್ ರಸೀದಿಯ ಮೇಲೆ ಈಗಲೇ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ: ‘ಈ ವಾಹನದ ಮೇಲೆ ಯಾವುದೇ ಪೊಲೀಸ್ ಪ್ರಕರಣ, ಜಪ್ತಿ ಬಾಂಡ್, ಟೋಟಲ್ ಲಾಸ್ ಕ್ಲೇಮ್ ಇಲ್ಲ, ಇದ್ದಲ್ಲಿ ಮುಂಗಡವನ್ನು ಹಿಂದಿರುಗಿಸುತ್ತೇನೆ.’ ಆ ಸಾಲಿಗೆ ಸಹಿ ಹಾಕಲು ಒಪ್ಪದಿದ್ದರೆ 20,000 ಹೋದರೂ ಹೋಗಲಿ, ಉಳಿದ ದುಡ್ಡು ಕೈಯಲ್ಲಿರಲಿ.